ಎಲೀಯನು ಮೊದಲು ಮಲಗಿದನು

ಓದಬೇಕಾದ ಭಾಗ: 1 ಅರಸುಗಳು 19:1-8

ಕೂತ್ಕೊಳ್ಳಿ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ. ಇವತ್ತು ನಿದ್ದೆ ಬಗ್ಗೆ ಮಾತಾಡ್ತಾ ಇದ್ದೀನಿ, ಹಿಂದೆ ಕೂತವರು ಥಿಯರಿ ಮುಗಿಯೋ ಮೊದಲೇ ಪ್ರಾಕ್ಟಿಕಲ್‌ಗೆ ಹೋಗಿಬಿಡ್ತಾರೆ.

ಯೂತ್ ಗ್ರೂಪ್‌ನವರು ನನಗೆ ಕೊಟ್ಟ ವಿಷಯ, ರೋಗನಿರೋಧಕ ಶಕ್ತಿಯನ್ನು ಬಲಪಡಿಸಿಕೊಳ್ಳೋದು ಹೇಗೆ ಅಂತ. ಮಳೆಗಾಲ ಶುರುವಾಗಿದೆ, ಅರ್ಧ ಕ್ವಾಯರ್ ಕೆಮ್ತಾ ಇದೆ, ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ವಿಷಯ ನೋಡಿದಾಗ ನನಗೆ ಸಂಕೋಚ ಆಯ್ತು. ಯಾಕಂದ್ರೆ ಶರೀರವನ್ನು ಹೇಗೆ ನೋಡಿಕೊಳ್ಳಬಾರದು ಅನ್ನೋದಕ್ಕೆ ಈ ಸಭೆಯಲ್ಲಿ ನನಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ನಮ್ಮ 21 ದಿನದ ಉಪವಾಸ ಪ್ರಾರ್ಥನೆ ನಡೀತಿದ್ದಾಗ ನನ್ನ ಬೆನ್ನಿನ ಬಲಗಡೆ ಉರಿ ಶುರುವಾಯ್ತು. ಅಂಗಿ ತಾಕಿದ್ರೂ ಕೆಂಡ ತಾಕಿದ ಹಾಗೆ. ಮೊದಲು ಗ್ಯಾಸ್ ಅಂದ್ಕೊಂಡೆ. ಆಮೇಲೆ ಸ್ಪೀಕರ್ ಎತ್ತಿದಾಗ ಉಳುಕಿರಬೇಕು ಅಂದ್ಕೊಂಡೆ. ಮೂರನೇ ದಿನ ಬೆನ್ನಿಂದ ಪಕ್ಕೆಯವರೆಗೆ ಬೆಲ್ಟಿನ ಹಾಗೆ ಒಂದು ಕೆಂಪು ಪಟ್ಟಿ, ಅದರ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಫೋಟೋ ತೆಗೆದು ಊರಿಗೆ ಕಳಿಸಿದೆ. ಅಮ್ಮ ನೋಡಿದ ಕೂಡಲೇ, 'ಸರ್ಪಸುತ್ತು ಕಣೋ' ಅಂದ್ರು. ಊರಿಂದ ಬಂದಿರೋ ನಿಮಗೆ ಗೊತ್ತಿರುತ್ತೆ, ಸರ್ಪದ ತಲೆಯೂ ಬಾಲವೂ ಸೊಂಟ ಸುತ್ತಿ ಕೂಡಿಕೊಂಡ್ರೆ ಮನುಷ್ಯ ಉಳಿಯಲ್ಲ ಅಂತಾರೆ. ಕೆಮ್ಮಣ್ಣು ಹಚ್ಚಿಸ್ತಾರೆ, ಮಂತ್ರ ಹಾಕಿಸ್ತಾರೆ.

ಮಂತ್ರ ಬೇಡ ಅಂದೆ. ಅಲ್ಲಿಗೆ ಸರಿ. ಆದರೆ ಆಸ್ಪತ್ರೆಯೂ ಬೇಡ ಅಂದೆ. ಉಪವಾಸದ ಸಮಯದಲ್ಲೇ ಬಂದಿದೆ, ಹೆಸರಲ್ಲೇ ಸರ್ಪ ಇದೆ, ಇನ್ನೇನು ಬೇಕು? ಇದು ಸೈತಾನನ ದಾಳಿ ಅಂತ ಇದೇ ವೇದಿಕೆ ಮೇಲೆ ನಿಂತು ಗದರಿಸಿದೆ. ನೀವೆಲ್ಲ ಜೋರಾಗಿ ಆಮೆನ್ ಅಂದ್ರಿ. ಆ ವಿಡಿಯೋ ಇನ್ನೂ ಇದೆ, ನಾನು ತೆಗೆಸಿಲ್ಲ.

ಗುಳ್ಳೆ ಎದ್ದ ಐದನೇ ದಿನ ನಮ್ಮ ಸಭೆಯಲ್ಲಿ ನರ್ಸ್ ಆಗಿರೋ ಒಬ್ಬ ಸಹೋದರಿ ಮನೆಗೆ ಬಂದು, ನನ್ನ ಹೆಂಡತಿ ಹತ್ತಿರ ಮಾತಾಡಿ, ಇಬ್ಬರೂ ಸೇರಿ ನನ್ನನ್ನು ಆಟೋ ಹತ್ತಿಸಿದ್ರು. ಡಾಕ್ಟರ್ ಐದು ನಿಮಿಷದಲ್ಲಿ ಹೇಳಿದ್ರು. ಚಿಕ್ಕವನಿದ್ದಾಗ ಚಿಕನ್ ಪಾಕ್ಸ್ ಆಗಿತ್ತಲ್ಲ, ಊರಲ್ಲಿ ಅಮ್ಮ ಆಗಿದೆ ಅಂತಾರಲ್ಲ, ಅದೇ ವೈರಸ್. ಚಿಕನ್ ಪಾಕ್ಸ್ ವಾಸಿಯಾದ ಮೇಲೆ ಅದು ದೇಹ ಬಿಟ್ಟು ಹೋಗಲ್ಲ, ಬೆನ್ನುಹುರಿಯ ಪಕ್ಕದ ನರಗಳ ಬುಡದಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಅದನ್ನು ಕಾವಲು ಕಾಯ್ತಾ ಇರ್ತವೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ, ತುಂಬಾ ಒತ್ತಡದಿಂದಲೋ ಆ ಕಾವಲು ಸಡಿಲವಾದಾಗ ವೈರಸ್ ಎದ್ದು ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತೆ. ಅದಕ್ಕೇ ಪಟ್ಟಿಯ ಹಾಗೆ ಕಾಣೋದು, ಅದಕ್ಕೇ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ನಿಲ್ಲೋದು. ತಲೆ ಬಾಲ ಕೂಡೋ ಕಥೆ ಅಷ್ಟೇ. ಇದಕ್ಕೆ ಮಾತ್ರೆ ಇದೆ, ಆದರೆ ಗುಳ್ಳೆ ಎದ್ದು 72 ಗಂಟೆಯೊಳಗೆ ಶುರು ಮಾಡಿದ್ರೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ನಾನು ಆ 72 ಗಂಟೆಯನ್ನು ಗದರಿಸೋದರಲ್ಲಿ ಕಳೆದಿದ್ದೆ.

ಗುಳ್ಳೆ ಕೆಲವು ವಾರದಲ್ಲಿ ಒಣಗಿತು. ನೋವು ಪೂರ್ತಿ ಹೋಗಿಲ್ಲ. ನಾನು ಮಾತಾಡುವಾಗ ಆಗಾಗ ಅಂಗಿಯನ್ನು ಬೆನ್ನಿಂದ ಎಳ್ಕೊಳ್ಳೋದು ನೋಡಿದ್ದೀರಲ್ಲ, ಕೆಲವರು ಅದು ನನ್ನ ಸ್ಟೈಲ್ ಅಂದ್ಕೊಂಡಿದ್ದಾರೆ. ಮೊದಲೇ ಬಂದಿದ್ರೆ ಈ ನೋವು ಖಂಡಿತ ಇರ್ತಿರಲಿಲ್ಲ ಅಂತ ಡಾಕ್ಟರ್ ಹೇಳಲಿಲ್ಲ. ಆದರೆ ಅವರು ಇನ್ನೊಂದು ಪ್ರಶ್ನೆ ಕೇಳಿದ್ರು: 'ಪಾಸ್ಟರೇ, ರಾತ್ರಿ ಎಷ್ಟು ಹೊತ್ತು ಮಲಗ್ತೀರಾ?'

'ನಾಲ್ಕು ಗಂಟೆ ಡಾಕ್ಟ್ರೇ, ಹೆಚ್ಚಂದ್ರೆ ನಾಲ್ಕೂವರೆ.'

ಹೇಳುವಾಗ ನನ್ನ ಧ್ವನಿಯಲ್ಲಿ ಏನಿತ್ತು ಅಂತ ನನಗೇ ಕೇಳಿಸ್ತು. ಹೆಮ್ಮೆ ಇತ್ತು. ಎಷ್ಟು ವರ್ಷದಿಂದ ಅಂದ್ರು. ಹನ್ನೊಂದು ವರ್ಷ, ಸಭೆ ಶುರುವಾದಾಗಿನಿಂದ ಅಂದೆ. ಅವರು ತಲೆ ಎತ್ತದೆ ಚೀಟಿಯಲ್ಲಿ ಬರ್ಕೊಂಡ್ರು. ನಾನು ಹನ್ನೊಂದು ವರ್ಷ ಸಾಕ್ಷಿಯಾಗಿ ಹೇಳ್ತಿದ್ದ ವಿಷಯವನ್ನು ಅವರು ಕಾಯಿಲೆಯ ಲೆಕ್ಕಕ್ಕೆ ಬರ್ಕೊಂಡ್ರು. ನಿದ್ದೆ ಕಮ್ಮಿ ಆಗಿದ್ದೇ ನನ್ನ ಸರ್ಪಸುತ್ತಿಗೆ ಕಾರಣ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ಅವರೂ ಹಾಗೆ ಹೇಳಲಿಲ್ಲ. ಆದರೆ ಕಾವಲುಗಾರನಿಗೆ ಹನ್ನೊಂದು ವರ್ಷ ರಜೆ ಕೊಡದೆ ದುಡಿಸಿದವನು, ಕಳ್ಳ ಬಂದಾಗ ಕಳ್ಳನನ್ನು ಮಾತ್ರ ಬೈಯೋದು ನ್ಯಾಯ ಅಲ್ಲ.

ಈಗ ಎಲೀಯನ ಹತ್ತಿರ ಬನ್ನಿ.

ಹಿಂದಿನ ಅಧ್ಯಾಯ ನಿಮಗೆ ಗೊತ್ತು. ಕರ್ಮೆಲ್ ಬೆಟ್ಟ, ಆಕಾಶದಿಂದ ಬೆಂಕಿ, ಆಮೇಲೆ ಮಳೆ. ನಾವು ಪೆಂತೆಕೊಸ್ತಿನವರು 18ನೇ ಅಧ್ಯಾಯದಲ್ಲಿ ಮನೆ ಕಟ್ಟಿಕೊಂಡಿದ್ದೀವಿ, 19ನೇ ಅಧ್ಯಾಯಕ್ಕೆ ಬಾಡಿಗೆಗೂ ಹೋಗಲ್ಲ. ಬೆಂಕಿ ಇಳಿದ ಅದೇ ದಿನ ಸಂಜೆ ಎಲೀಯನು ಅಹಾಬನ ರಥದ ಮುಂದೆ ಇಜ್ರೇಲಿನವರೆಗೆ ಓಡ್ತಾನೆ. ಅದು 25 ಕಿಲೋಮೀಟರ್ ಆದ್ರೂ ಆಗುತ್ತೆ. ಈಜೆಬೆಲಳು ಕೊಲ್ಲಿಸ್ತೀನಿ ಅಂತ ಹೇಳಿ ಕಳಿಸಿದ ಮೇಲೆ ಅಲ್ಲಿಂದ ಬೇರ್ಷೆಬಕ್ಕೆ ಓಡ್ತಾನೆ. ಬೆಂಗಳೂರಿಂದ ಮೈಸೂರಿಗೆ ಎಷ್ಟು ದೂರವೋ ಹತ್ತಿರಹತ್ತಿರ ಅಷ್ಟು. ಎಕ್ಸ್‌ಪ್ರೆಸ್‌ವೇ ಇಲ್ಲ, ಮದ್ದೂರು ವಡೆನೂ ಇಲ್ಲ. ಆಮೇಲೆ ಆಳನ್ನು ಅಲ್ಲೇ ಬಿಟ್ಟು ಒಬ್ಬನೇ ಒಂದು ದಿನದ ದಾರಿ ಅರಣ್ಯದೊಳಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪ ದೇವರೇ, ನನ್ನ ಪ್ರಾಣ ತಗೋ ಅಂತಾನೆ.

ಇಲ್ಲಿ ಗಮನಿಸಿ. ಸಾಯಬೇಕು ಅಂತ ಪ್ರಾರ್ಥನೆ ಮಾಡ್ತಿರೋ ಪ್ರವಾದಿಗೆ ದೇವರು ಮೊದಲು ಏನು ಕೊಡ್ತಾರೆ? ವಾಗ್ದಾನ ಕೊಡಲಿಲ್ಲ. ದರ್ಶನ ಕೊಡಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅಂತ ಗದರಿಸಲೂ ಇಲ್ಲ. ಅವನು ಮಲಗಿದನು. ದೂತನು ಬಂದು ಮುಟ್ಟಿ, ಎದ್ದು ಊಟ ಮಾಡು ಅಂದನು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದನು, ಕುಡಿದನು, ಮತ್ತೆ ಮಲಗಿದನು. ದೂತನು ಎರಡನೇ ಸಲ ಬಂದು ಎಬ್ಬಿಸಿ, ಇನ್ನೂ ತಿನ್ನು, ನಿನ್ನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅನ್ನೋ ಅರ್ಥದಲ್ಲಿ ಹೇಳ್ತಾನೆ. ಎರಡು ಊಟ, ಎರಡು ನಿದ್ದೆ. ಆಮೇಲೆ 40 ದಿನದ ನಡಿಗೆ, ಹೋರೇಬ್ ಬೆಟ್ಟ, ಇಲ್ಲೇನು ಮಾಡ್ತಿದ್ದೀಯ ಅನ್ನೋ ಪ್ರಶ್ನೆ. ಆ ಪ್ರಶ್ನೆಯನ್ನು ಗಿಡದ ಕೆಳಗೇ ಕೇಳಬಹುದಿತ್ತು. ದೇವರು ಕೇಳಲಿಲ್ಲ. ನಿದ್ದೆಗೆಟ್ಟವನಿಂದ ಉತ್ತರ ಸಿಗಲ್ಲ ಅಂತ ನಮ್ಮನ್ನು ಮಾಡಿದವನಿಗೆ ಗೊತ್ತು.

ಮಲಗಿದಾಗ ಒಳಗೆ ಏನಾಗುತ್ತೆ

ನಾನು ಡಾಕ್ಟರ್ ಅಲ್ಲ. ಆ ದಿನದಿಂದ ಓದಿದ್ದನ್ನು, ನಮ್ಮ ನರ್ಸ್ ಸಹೋದರಿ ತಿದ್ದಿ ಕೊಟ್ಟಿದ್ದನ್ನು ಹೇಳ್ತಾ ಇದ್ದೀನಿ.

ನಾವು ಅಂದ್ಕೊಳ್ಳೋದು, ಮಲಗಿದ್ರೆ ದೇಹ ಆಫ್ ಆಗುತ್ತೆ ಅಂತ. ಆಫ್ ಆಗಲ್ಲ, ಶಿಫ್ಟ್ ಬದಲಾಗುತ್ತೆ. ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ಒತ್ತಡದ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಲಿನ್ ಕೆಳಗೆ ಇಳೀತವೆ, ದುರಸ್ತಿಗೆ ಬೇಕಾದ ಗ್ರೋತ್ ಹಾರ್ಮೋನು ಏರುತ್ತೆ. ಅದೇ ಹೊತ್ತಲ್ಲಿ ಟಿ ಕೋಶಗಳು ರಕ್ತದಿಂದ ದುಗ್ಧಗ್ರಂಥಿಗಳ ಕಡೆ ಹೋಗ್ತವೆ. ಗಂಟಲು ನೋವಾದಾಗ ಕುತ್ತಿಗೆ ಪಕ್ಕ ಗಂಟು ಸಿಗುತ್ತಲ್ಲ, ಅವೇ ಗ್ರಂಥಿಗಳು. ಹಗಲು ಸಿಕ್ಕ ರೋಗಾಣುವಿನ ಗುರುತನ್ನು ಅಲ್ಲಿ ಒಬ್ಬರಿಂದ ಒಬ್ಬರು ಕಲೀತಾರೆ, ನೆನಪಿಟ್ಟುಕೊಳ್ತಾರೆ. ಅಡ್ರಿನಲಿನ್ ಜಾಸ್ತಿ ಇದ್ದಾಗ ಟಿ ಕೋಶಗಳು ಸೋಂಕು ತಗುಲಿದ ಕೋಶಕ್ಕೆ ಸರಿಯಾಗಿ ಅಂಟಿಕೊಳ್ಳಲ್ಲ, ನಿದ್ದೆಯಲ್ಲಿ ಅದು ಇಳಿದಾಗ ಹಿಡಿತ ಬಿಗಿಯಾಗುತ್ತೆ.

ಇದನ್ನು ಅಳೆದೂ ನೋಡಿದ್ದಾರೆ. ಅಮೆರಿಕದಲ್ಲಿ 164 ಆರೋಗ್ಯವಂತರ ನಿದ್ದೆಯನ್ನು ಕೈಗೆ ಕಟ್ಟೋ ಯಂತ್ರದಿಂದ ಒಂದು ವಾರ ಅಳೆದು, ಆಮೇಲೆ ಅವರ ಒಪ್ಪಿಗೆ ತಗೊಂಡು ಮೂಗಿಗೆ ನೆಗಡಿ ವೈರಸ್ ಹಾಕಿದ್ರು. 6 ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಬರೋ ಸಂಭವ 7 ಗಂಟೆಗಿಂತ ಹೆಚ್ಚು ಮಲಗಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ. ಎಲ್ಲರ ಮೂಗಿಗೂ ಹಾಕಿದ್ದು ಅದೇ ವೈರಸ್! ಅದಕ್ಕೂ ಮೊದಲು 2002ರಲ್ಲಿ ಶಿಕಾಗೋದಲ್ಲಿ ಕೆಲವು ಯುವಕರನ್ನು ಸತತ ಕೆಲವು ರಾತ್ರಿ 4 ಗಂಟೆ ಮಾತ್ರ ಮಲಗಿಸಿ ಫ್ಲೂ ಲಸಿಕೆ ಕೊಟ್ರು. ಹತ್ತು ದಿನದ ಮೇಲೆ ಅವರ ರಕ್ತದಲ್ಲಿ ಇದ್ದ ಪ್ರತಿಕಾಯಗಳು ಸರಿಯಾಗಿ ಮಲಗಿದವರ ಅರ್ಧಕ್ಕಿಂತ ಕಡಿಮೆ. ನಾಲ್ಕು ಗಂಟೆ. ನನ್ನ ನಂಬರ್. ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಲ್ಲಿ ಒಂದು ಮಾತು. 2020ರಿಂದ ಈಚೆಗೆ ಇಮ್ಯುನಿಟಿ ಬೂಸ್ಟರ್ ಅಂತ ಬರದ ಡಬ್ಬಿ ಇಲ್ಲ. ಅರಿಶಿನ ಹಾಲು ಕುಡೀರಿ, ನಾನೂ ಕುಡೀತೀನಿ, ಮೆಣಸಿನ ಸಾರು ನನಗೆ ಪ್ರಾಣ. ಆದರೆ ರೋಗನಿರೋಧಕ ವ್ಯವಸ್ಥೆ ರೇಡಿಯೋದ ವಾಲ್ಯೂಮ್ ಬಟನ್ ಅಲ್ಲ, ತಿರುಗಿಸಿದಷ್ಟೂ ಒಳ್ಳೇದು ಅನ್ನೋಕೆ. ಅದು ದಾರಿ ತಪ್ಪಿ ತನ್ನ ದೇಹದ ಮೇಲೇ ತಿರುಗಿ ಬಿದ್ರೆ ಸಂಧಿವಾತ, ಲೂಪಸ್ ಥರ ಕಾಯಿಲೆಗಳು ಬರ್ತವೆ. ನಮಗೆ ಬೇಕಾಗಿರೋದು ಸಮತೋಲನದ ಕಾವಲು. ಬೆಳಗಿನ ಜಾವ ಎರಡು ಗಂಟೆವರೆಗೆ ರೀಲ್ಸ್ ನೋಡಿ ಬೆಳಗ್ಗೆ ವಿಟಮಿನ್ ಸಿ ಮಾತ್ರೆ ನುಂಗೋದು, ಟ್ಯಾಂಕ್ ತೂತು ಹಾಗೇ ಇಟ್ಟು ಪೆಟ್ರೋಲ್ ತುಂಬಿಸಿದ ಹಾಗೆ.

ಆದರೆ ಪಾಸ್ಟರ್, ಯೇಸು ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಲಿಲ್ವಾ?

ಈ ಪ್ರಶ್ನೆ ಬರಲೇಬೇಕು, ಹನ್ನೊಂದು ವರ್ಷ ನಾನೇ ಇದನ್ನು ಉತ್ತರವಾಗಿ ಇಟ್ಟುಕೊಂಡಿದ್ದೆ. ಹೌದು, ಲೂಕ 6:12ರಲ್ಲಿ ಕರ್ತನು ರಾತ್ರಿಯೆಲ್ಲಾ ಪ್ರಾರ್ಥನೆಯಲ್ಲಿದ್ದನು. ಮಾರನೇ ದಿನ ಹನ್ನೆರಡು ಮಂದಿ ಅಪೊಸ್ತಲರನ್ನು ಆರಿಸಬೇಕಿತ್ತು. ಆ ರಾತ್ರಿ ವಿಶೇಷ ಆದ್ದರಿಂದಲೇ ಲೂಕನು ಬರೆದಿದ್ದಾನೆ. ಮಾರ್ಕ 4ರಲ್ಲಿ ಬಿರುಗಾಳಿ ಎದ್ದು ದೋಣಿಗೆ ನೀರು ತುಂಬುತ್ತಿರುವಾಗ ಅದೇ ಕರ್ತನು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ದೇವಕುಮಾರನಿಗೆ ಆಯಾಸ ಆಯ್ತು. ಮಲಗಿದನು. ಅದರಲ್ಲಿ ಪಾಪ ಇಲ್ಲ. ಪೌಲನು 2 ಕೊರಿಂಥ 11ರಲ್ಲಿ ನಿದ್ದೆಗೆಟ್ಟದ್ದನ್ನು ಹೇಳ್ತಾನೆ, ಆದರೆ ಯಾವ ಪಟ್ಟಿಯಲ್ಲಿ? ಹೊಡೆತ, ಹಡಗು ಒಡೆದದ್ದು, ಹಸಿವು, ಚಳಿ. ಕಷ್ಟಗಳ ಪಟ್ಟಿಯಲ್ಲಿ. ನಾನು ಅದನ್ನು ತಂದು ಸಾಧನೆಗಳ ಪಟ್ಟಿಗೆ ಸೇರಿಸಿದ್ದೆ. ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲನು ಮಧ್ಯರಾತ್ರಿವರೆಗೆ ಪ್ರಸಂಗ ಮಾಡಿದಾಗ ಕಿಟಕಿಯಲ್ಲಿ ಕೂತಿದ್ದ ಹುಡುಗ ನಿದ್ದೆ ಹತ್ತಿ ಮೂರನೇ ಅಂತಸ್ತಿಂದ ಬಿದ್ದದ್ದೂ ಇದೆ. ಅವನನ್ನು ಪೌಲನು ಬೈಯಲಿಲ್ಲ, ಕೆಳಗಿಳಿದು ಹೋಗಿ ಅಪ್ಪಿಕೊಂಡನು.

ಇನ್ನೊಂದು ನನಗೆ ತುಂಬಾ ಇಷ್ಟ. ಆದಿಕಾಂಡ 1ನೇ ಅಧ್ಯಾಯದಲ್ಲಿ ದಿನದ ಲೆಕ್ಕ ಹೇಗಿದೆ ನೋಡಿ. ಮೊದಲು ಸಾಯಂಕಾಲ, ಆಮೇಲೆ ಪ್ರಾತಃಕಾಲ. ಯೆಹೂದ್ಯರಿಗೆ ಇವತ್ತಿಗೂ ದಿನ ಶುರುವಾಗೋದು ಸೂರ್ಯ ಮುಳುಗಿದಾಗ. ಅಂದ್ರೆ ದಿನದ ಮೊದಲ ಕೆಲಸ ಮಲಗೋದು. ನಾವು ಎದ್ದು ಬರೋ ಹೊತ್ತಿಗೆ ದೇವರ ಕೆಲಸ ಅರ್ಧ ದಿನ ನಡೆದಿರುತ್ತೆ, ನಾವು ನಡುವೆ ಸೇರ್ಕೊಳ್ತೀವಿ. ಕೀರ್ತನೆ 127ನ್ನು ಮನೆಯಲ್ಲಿ ಓದಿ. ಬೇಗ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ತಿನ್ನೋರಿಗೆ ಅಲ್ಲಿ ಏನು ಹೇಳಿದೆ, ದೇವರು ತನ್ನ ಪ್ರಿಯರಿಗೆ ಏನು ಕೊಡ್ತಾನೆ ಅಂತ ಹೇಳಿದೆ, ನೀವೇ ನೋಡಿ.

ಈಗ ನನಗೆ ಹೇಳೋಕೆ ಕಷ್ಟವಾದ ಭಾಗಕ್ಕೆ ಬರ್ತೀನಿ. ಆ ತಮ್ಮನ ಅನುಮತಿ ಕೇಳಿದ್ದೀನಿ, ಹೆಸರು ಹೇಳಲ್ಲ, ನೀವೂ ಹುಡುಕಬೇಡಿ.

ನಮ್ಮ ಸಭೆಗೆ ಬರೋ ಒಬ್ಬ ಹುಡುಗ, ರಾತ್ರಿ ಶಿಫ್ಟ್ ಕೆಲಸ, ಪಿಜಿಯಲ್ಲಿ ವಾಸ. ಬೆಳಗ್ಗೆ ಏಳಕ್ಕೆ ಕ್ಯಾಬ್ ಇಳಿದು, ಮಲಗದೆ ಬೆಳಗಿನ ಪ್ರಾರ್ಥನೆಗೆ ಬರ್ತಿದ್ದ. ಬುಧವಾರ, ಶುಕ್ರವಾರ ಉಪವಾಸ. ಉಳಿದ ದಿನ ಪಿಜಿಯ ಊಟದ ಹೊತ್ತಿಗೆ ನಿದ್ದೆ, ಎದ್ದಾಗ ಬಿಸ್ಕತ್ತು, ಟೀ. ತೂಕ ಇಳೀತಾ ಬಂತು. ನಾವು ಏನಂದ್ವಿ? ಚೆನ್ನಾಗಿ ಉಪವಾಸ ಮಾಡ್ತಿದ್ದಾನೆ, ಮುಖದಲ್ಲಿ ಕಳೆ ಇದೆ ಅಂದ್ವಿ. ಕೆಮ್ಮು ಶುರುವಾಗಿ ಒಂದು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದ. ಟಿಬಿ. ನಮ್ಮ ಮನೆಗೆ ಬಂದು ಮಾಸ್ಕ್ ಹಾಕ್ಕೊಂಡು ಬಾಗಿಲ ಹೊರಗೇ ನಿಂತು ಹೇಳಿದ: 'ಪಾಸ್ಟರ್, ನೀವು ನಾಲ್ಕು ಗಂಟೆ ಮಲಗಿ ಸೇವೆ ಮಾಡ್ತೀರಾ ಅಂದಿದ್ರಿ. ನಾನೂ ಟ್ರೈ ಮಾಡಿದೆ.'

ಅವನು ಆರೋಪ ಮಾಡಲಿಲ್ಲ. ಅದೇ ಕಷ್ಟ. ಅವನು ಸೋತೆ ಅನ್ನೋ ಹಾಗೆ ಹೇಳಿದ.

ಟಿಬಿ ಬಗ್ಗೆ ತಿಳ್ಕೊಳ್ಳಿ, ನಮ್ಮ ದೇಶದಲ್ಲಿ ತಿಳ್ಕೊಳ್ಳಲೇಬೇಕು. ಟಿಬಿ ಕ್ರಿಮಿ ಒಳಗೆ ಹೊಕ್ಕವರೆಲ್ಲರಿಗೂ ಕಾಯಿಲೆ ಬರಲ್ಲ. ನೂರು ಜನರಲ್ಲಿ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆಯಾಗುತ್ತೆ. ಉಳಿದವರಲ್ಲಿ ಕಾವಲು ಅದನ್ನು ಸುತ್ತುಗಟ್ಟಿ ಇಟ್ಟಿರುತ್ತೆ. ಆ ಕಾವಲನ್ನು ಮುರಿಯೋದರಲ್ಲಿ ನಮ್ಮ ದೇಶದಲ್ಲಿ ದೊಡ್ಡ ಪಾಲು ಅಪೌಷ್ಟಿಕತೆಯದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ನೋಡಿದ್ರು. ಹತ್ತು ಸಾವಿರಕ್ಕೂ ಹೆಚ್ಚು ಜನ ಆ ಅಧ್ಯಯನದಲ್ಲಿದ್ರು. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39 ಶೇಕಡಾ ಕಡಿಮೆಯಾಯ್ತು. 2023ರಲ್ಲಿ ಪ್ರಕಟವಾಯ್ತು. ಯೋಚನೆ ಮಾಡಿ, ಹೊಸ ಔಷಧಿ ಅಲ್ಲ, ಅನ್ನ ಮತ್ತು ಬೇಳೆ. ದೂತನು ಎಲೀಯನ ತಲೆಯ ಹತ್ತಿರ ಇಟ್ಟದ್ದೂ ರೊಟ್ಟಿ ಮತ್ತು ನೀರೇ.

ಆ ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡೋ ಮಾತ್ರೆಗಳನ್ನು ಆರು ತಿಂಗಳು ಒಂದು ದಿನವೂ ತಪ್ಪಿಸದೆ ತಗೊಂಡ. ವಾಸಿಯಾಗಿದ್ದಾನೆ, ದೇವರಿಗೆ ಸ್ತೋತ್ರ. ಮಾತ್ರೆಯಿಂದ ವಾಸಿಯಾದದ್ದು ಪೂರ್ತಿ ಸಾಕ್ಷಿ ಅಲ್ಲ ಅನ್ನೋ ಭಾವನೆ ನಿಮ್ಮಲ್ಲಿ ಯಾರಿಗಾದರೂ ಇದ್ರೆ ಯೆಶಾಯ 38 ಓದಿ. ಹಿಜ್ಕೀಯನಿಗೆ ಇನ್ನೂ 15 ವರ್ಷ ಬದುಕ್ತೀಯ ಅಂತ ದೇವರೇ ಮಾತು ಕೊಟ್ಟ ಮೇಲೂ ಯೆಶಾಯನು ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಹಚ್ಚಿಸಿದನು. ವಾಗ್ದಾನವೂ ಇತ್ತು, ಲೇಪವೂ ಇತ್ತು. ನಾನು ದೈವಿಕ ಸ್ವಸ್ಥತೆಯನ್ನು ನಂಬ್ತೀನಿ, ಇದೇ ಸಭೆಯಲ್ಲಿ ಕಣ್ಣಾರೆ ಕಂಡಿದ್ದೀನಿ, ಇವತ್ತೂ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ. ಪ್ರಾರ್ಥನೆ ಮುಗಿದ ಮೇಲೆ ಡಾಕ್ಟರ್ ಹತ್ತಿರ ಹೋದ್ರಾ ಅಂತಲೂ ಕೇಳ್ತೀನಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ರೆ, ಸಂಜೆ ಜ್ವರ ಬಂದ್ರೆ, ಕಾರಣ ಇಲ್ಲದೆ ತೂಕ ಇಳಿದ್ರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ದುಡ್ಡು ಇಲ್ಲ ಅನ್ನೋ ನೆಪ ಇಲ್ಲ, ಅದು ಉಚಿತ.

ಉಪವಾಸದ ಬಗ್ಗೆ ಎರಡು ಮಾತು. ಉಪವಾಸ ಬಿಡಿ ಅಂತ ನಾನು ಹೇಳಲ್ಲ, ಕರ್ತನೇ ಮಾಡಿದ್ದಾನೆ. ಆದರೆ ತೂಕ ಮೊದಲೇ ಕಡಿಮೆ ಇರೋರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ದಿನಾ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ಮಾಡಬೇಡಿ. ಇನ್ನು ಮುಂದೆ ಉಪವಾಸದ ಹೆಸರು ಕೊಡುವಾಗ ತೂಕವನ್ನೂ ಬರೆಸ್ಕೊಳ್ತೀವಿ. ನಗಬೇಡಿ, ನಿಜವಾಗ್ಲೂ. ವೇಯಿಂಗ್ ಮಷೀನ್ ತಂದಾಗಿದೆ. ಫೋನ್ ಉಪವಾಸ ಯಾರು ಬೇಕಾದ್ರೂ ಮಾಡಬಹುದು, ಅದಕ್ಕೆ ತೂಕ ಬೇಡ.

ಉಳಿದದ್ದು ನಿಮಗೆ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. ಸಿಗರೇಟು, ಕುಡಿತದ ಬಗ್ಗೆ ಇಲ್ಲಿ ಪ್ರಸಂಗ ಬೇಕಿಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೀರಿ, ಅಂದ್ರೆ ದಿನಕ್ಕೆ ಅರ್ಧ ಗಂಟೆಯ ಹಾಗೆ ಐದು ದಿನ, ಜಿಮ್ ಫೀಸ್ ಕಟ್ಟೋದು ಕಡ್ಡಾಯ ಅಲ್ಲ. ರಾಗಿ, ಮೊಳಕೆ ಕಾಳು, ಸೊಪ್ಪು, ಮೊಟ್ಟೆ ತಿನ್ನಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೀರಿ. ಲಸಿಕೆ ಬಾಕಿ ಇದ್ರೆ ಹಾಕಿಸ್ಕೊಳ್ಳಿ. ಸರ್ಪಸುತ್ತಿಗೂ ಈಗ ನಮ್ಮ ದೇಶದಲ್ಲಿ ಲಸಿಕೆ ಸಿಗುತ್ತೆ, 50 ದಾಟಿದ ಅಪ್ಪ ಅಮ್ಮ ಇದ್ರೆ ಅವರ ಡಾಕ್ಟರನ್ನು ಕೇಳಿ.

ನಿದ್ದೆಗೆ ಮಾತ್ರ ಸ್ವಲ್ಪ ನಿಲ್ತೀನಿ. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ಶನಿವಾರ ಒಂದೇ ದಿನ ಹನ್ನೆರಡು ಗಂಟೆ ಮಲಗಿ ವಾರದ ಸಾಲ ತೀರಿಸ್ತೀನಿ ಅಂದ್ರೆ ಅದು ತೀರಲ್ಲ, ಪ್ರತಿದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಲಗೋದು, ಅದೇ ಹೊತ್ತಿಗೆ ಏಳೋದು ಮುಖ್ಯ. ಕಾಫಿ ನನಗೂ ಬಿಡೋಕೆ ಆಗಿಲ್ಲ. ಆದರೆ ಕುಡಿದ ಕೆಫೀನ್‌ನ ಅರ್ಧ ದೇಹದಿಂದ ಹೋಗೋಕೆ ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಒಳಗೇ ಕೂತಿರುತ್ತೆ. ನಾನು ಈಗ ಮಧ್ಯಾಹ್ನ ಮೂರರ ಮೇಲೆ ಮುಟ್ಟಲ್ಲ. ಮೊದಲ ವಾರ ತಲೆನೋವು ಬಂತು, ಹೆಂಡತಿ ಮೇಲೆ ರೇಗಾಡಿದೆ, ಕ್ಷಮೆ ಕೇಳಿದೆ. ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗುತ್ತೆ. ರಾತ್ರಿ ಯಾರಿಗಾದ್ರೂ ತುರ್ತು ಇದ್ರೆ ಇಬ್ಬರು ಹಿರಿಯರ ನಂಬರ್ ಸರದಿ ಪ್ರಕಾರ ಕೊಟ್ಟಿದ್ದೀವಿ. ಎಲ್ಲಾ ಕರೆಯೂ ನನಗೇ ಬರಬೇಕು ಅನ್ನೋದು ಸೇವೆ ಅಂತ ಅಂದ್ಕೊಂಡಿದ್ದೆ, ಅರ್ಧ ಅದು ಅಹಂಕಾರ ಆಗಿತ್ತು.

ರಾತ್ರಿ ಶಿಫ್ಟಿನವರಿಗೆ ಇದೆಲ್ಲ ಕೇಳಿ ಬೇಜಾರಾಗ್ತಿರಬಹುದು. ಕೆಲಸ ಬಿಡಿ ಅಂತ ಹೇಳೋದು ಸುಲಭ, ಇಎಂಐ ಕಟ್ಟೋದು ನಾನಲ್ಲ. ಬೆಳಗ್ಗೆ ಬಂದ ಮೇಲೆ ನೇರ ಮಲಗಿ. ಕಿಟಕಿಗೆ ದಪ್ಪ ಪರದೆ ಹಾಕಿ, ಕೋಣೆ ಕತ್ತಲಾಗಲಿ. ರಜೆ ದಿನವೂ ಸಮಯ ತುಂಬಾ ಬದಲಾಯಿಸಬೇಡಿ. ಶಿಫ್ಟಿನ ಕೊನೆಯ ಗಂಟೆಗಳಲ್ಲಿ ಕಾಫಿ ಬೇಡ. ಮಲಗೋಕೆ ಮೊದಲು ಏನಾದ್ರೂ ಹಗುರವಾಗಿ ತಿನ್ನಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬೆಳಗಿನ ಪ್ರಾರ್ಥನೆಗೆ ನಿಮ್ಮಿಂದ ಹಾಜರಿ ಕೇಳಲ್ಲ. ನೀವು ಸಂಜೆ ಎದ್ದಾಗ ನಿಮ್ಮ ಬೆಳಗಿನ ಪ್ರಾರ್ಥನೆ ಮಾಡಿ, ದೇವರ ಗಡಿಯಾರದಲ್ಲಿ ದಿನ ಶುರುವಾಗೋದೇ ಸಂಜೆ ಅಂತ ಈಗಷ್ಟೇ ಓದಿದ್ವಲ್ಲ. ಅವಕಾಶ ಸಿಕ್ಕಾಗ ಹಗಲು ಶಿಫ್ಟ್ ಕೇಳಿ, ಅದಕ್ಕಾಗಿ ನಾವು ಪ್ರಾರ್ಥನೆ ಮಾಡ್ತೀವಿ.

ಹಿರಿಯರ ಜೊತೆ ಮಾತಾಡಿ ಒಂದು ತೀರ್ಮಾನ ತಗೊಂಡಿದ್ದೀವಿ. ತಿಂಗಳ ಮೊದಲ ಶುಕ್ರವಾರದ ಪೂರ್ಣರಾತ್ರಿ ಪ್ರಾರ್ಥನೆ ಇನ್ನು ಸಂಜೆ 6.30ರಿಂದ 9.30ರವರೆಗೆ. ಕೆಲವು ಹಿರಿಯರಿಗೆ ಇದು ನೋವಾಗಿದೆ, ನನಗೆ ಗೊತ್ತು, ಈ ಸಭೆ ಹುಟ್ಟಿದ್ದೇ ಆ ರಾತ್ರಿಗಳಲ್ಲಿ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಬೈಕಲ್ಲಿ ಮನೆಗೆ ಹೋಗುವಾಗ ತೂಕಡಿಸಿದ್ದನ್ನು ನನ್ನ ಹತ್ತಿರ ಹೇಳಿಕೊಂಡವರು ಮೂರು ಜನ ಇದ್ದೀರಿ. ಹೊಸ ವರ್ಷದ ರಾತ್ರಿ ಮಾತ್ರ ಮೊದಲಿನ ಹಾಗೇ ಇರುತ್ತೆ, ಅವತ್ತು ದೂರದವರು ಇಲ್ಲೇ ಮಲಗಿ ಬೆಳಕಾದ ಮೇಲೆ ಹೋಗಬಹುದು, ಚಾಪೆ ದಿಂಬು ಇಡ್ತೀವಿ.

ಎಲ್ಲರೂ ಎದ್ದು ನಿಲ್ಲಿ. ಇವತ್ತು ರಾತ್ರಿ ಶಿಫ್ಟಿಗೆ ಹೋಗೋರು ಕೈ ಎತ್ತಿ, ಪಕ್ಕದವರು ಅವರ ಹೆಗಲ ಮೇಲೆ ಕೈಯಿಡಿ.

ಪರಲೋಕದ ತಂದೆಯೇ, ನೀನು ತೂಕಡಿಸದೆ ನಿದ್ರಿಸದೆ ಇರುವ ದೇವರು, ನಾವು ಅಲ್ಲ. ಇವತ್ತು ರಾತ್ರಿ ಎಚ್ಚರವಾಗಿ ದುಡಿಯೋ ಈ ಮಕ್ಕಳನ್ನು ಕಾಪಾಡು. ನಾಳೆ ಬೆಳಗ್ಗೆ ಅವರು ಕೋಣೆಗೆ ಬಂದಾಗ ಅವರಿಗೆ ಗಾಢ ನಿದ್ದೆ ಕೊಡು. ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಇಲ್ಲಿ ನಿಂತಿರೋರಿಗೆ ಅದನ್ನು ಹೇಳಿಕೊಳ್ಳೋ ಧೈರ್ಯ ಕೊಡು, ಕೇಳಿಸಿಕೊಳ್ಳೋ ಕಿವಿ ನಮಗೆ ಕೊಡು. ನನ್ನ ಮಾತು ಕೇಳಿ ಮೈ ಕೆಡಿಸಿಕೊಂಡವರು ಇದ್ರೆ ನನ್ನನ್ನು ಕ್ಷಮಿಸು, ಅವರನ್ನು ಮುಟ್ಟಿ ಸ್ವಸ್ಥಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕೆಳಗೆ ಊಟ ಇದೆ. ಮುದ್ದೆ, ಬಸ್ಸಾರು, ಮೊಟ್ಟೆ. ಇವತ್ತು ಉಪವಾಸ ಅಂತ ಯಾರೂ ಹಿಂದಿನ ಬಾಗಿಲಿಂದ ಹೋಗಬೇಡಿ.